ಸುಗ್ಗಿಯ ಚಿತ್ರದಲ್ಲಿ ಮಂಕು ಬಣ್ಣ ಎಲ್ಲಿದೆ?

ಕೇಳುಗರಿಗೆ ನಮಸ್ಕಾರ.

ಅಂಕೋಲಾ, ಕುಮಟಾ ಕಡೆಯ ಸುಗ್ಗಿ ಕುಣಿತವನ್ನು ಇವತ್ತಿನ ಕಲಾವಿದರೊಬ್ಬರು ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ತಲೆಯ ಮೇಲೆ ತುರಾಯಿ, ಕೈಯಲ್ಲಿ ನವಿಲುಗರಿಯ ಕುಂಚ, ಮೂಲೆಯಲ್ಲಿ ಗುಮಟೆ ಎಂಬ ಮಣ್ಣಿನ ವಾದ್ಯ, ಸುತ್ತ ಜನವೋ ಜನ. ಹತ್ತಿರ ಹೋಗಿ ಒಂದೊಂದೇ ಮುಖ ನೋಡುತ್ತ ನಿಂತರೆ ಚಿತ್ರ ಕೈತಪ್ಪುತ್ತದೆ. ಕ್ಯಾನ್ವಾಸು 4 ಅಡಿ ಅಗಲವಿದ್ದರೆ 8ರಿಂದ 10 ಅಡಿ ಹಿಂದೆ ಸರಿಯಿರಿ. ಕಣ್ಣು ಅರ್ಧ ಮುಚ್ಚಿ. ಬಣ್ಣಗಳು ಕರಗಿ, ಕತ್ತಲೆ ಬೆಳಕಿನ ನಾಲ್ಕೈದು ತುಂಡುಗಳಷ್ಟೇ ಉಳಿಯಬೇಕು. ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಂಡರೆ, ಎಷ್ಟು ಬಣ್ಣ ಬಳಿದರೂ ಆ ಗುಂಪು ಬರೀ ಗೊಂದಲ.

ಈಗ ಕಣ್ಣು ಬಿಟ್ಟು ಮಂಕು ಬಣ್ಣ ಹುಡುಕಿ. ಹೌದು, ಮಂಕು ಬಣ್ಣವನ್ನೇ. ಕುಂಕುಮದ ಕೆಂಪು ಉರಿಯುವುದು ಪಕ್ಕದ ಪಾಚಿ ಹಸಿರಿನಿಂದ. ಅರಿಶಿನ ಹೊಳೆಯುವುದು ಬೂದು ನೇರಳೆಯ ಮಗ್ಗುಲಲ್ಲಿ. ಟ್ಯೂಬಿನಿಂದ ಹಿಂಡಿದ ಬಣ್ಣವನ್ನೇ ಎಲ್ಲ ಕಡೆ ಮೆತ್ತಿದರೆ, ಜಾತ್ರೆಯ ಪೀಪಿಗಳ ಹಾಗೆ ಒಂದರ ಗದ್ದಲದಲ್ಲಿ ಇನ್ನೊಂದು ಕೇಳುವುದಿಲ್ಲ. ಅದಕ್ಕೇ ಬಲ್ಲವರು ಕೆಂಪಿಗೆ ಚೂರೇ ಚೂರು ಹಸಿರು ಬೆರೆಸಿ ಅದನ್ನು ತಗ್ಗಿಸುತ್ತಾರೆ. ಕೈ ಮಿಕ್ಕಿತೋ, ಕೆಸರು.

ಬಣ್ಣ ಹೆಚ್ಚಿದಷ್ಟೂ ಹಬ್ಬ ಎನ್ನುವವರು ಶಿರಸಿ ಮಾರಿಕಾಂಬಾ ಗುಡಿಯ ಕಾವಿ ಚಿತ್ರಗಳನ್ನು ನೋಡಬೇಕು. ಸುಣ್ಣದ ಬಿಳುಪು, ಕೆಮ್ಮಣ್ಣಿನ ಕೆಂಪು, ಎರಡೇ. ಸಂಭ್ರಮಕ್ಕೆ ಏನು ಕೊರತೆ? ಅಲ್ಲಿ ದುಡಿಯುವುದು ರೇಖೆ.

ಇನ್ನು ಕುಣಿಯುವವರು. ಮುಖ ಬಿಟ್ಟು ಪಾದ ನೋಡಿ, ಭಾರ ಯಾವ ಕಾಲಿನ ಮೇಲಿದೆ? ಸೊಂಟ ಒಂದು ಕಡೆ ಇಳಿದಾಗ ಹೆಗಲು ಇನ್ನೊಂದು ಕಡೆ ಇಳಿಯಬೇಕು; ಇಲ್ಲದಿದ್ದರೆ ಕುಣಿಯುವವನು ಮರದ ಬೊಂಬೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ. ಕೆ. ಹೆಬ್ಬಾರರ ರೇಖೆಗಳಲ್ಲಿ ಕಣ್ಣು ಮೂಗು ಬರೆಯದೆಯೂ ತಾಳ ತಿಳಿಯುವುದು ಈ ಗುಟ್ಟಿನಿಂದ. ಆಮೇಲೆ ಕೈಗಳ ಜಾಡು ಹಿಡಿಯಿರಿ. ಒಂದು ತೋಳು ಇನ್ನೊಂದಕ್ಕೆ ದಾಟಿಸುತ್ತ ನಿಮ್ಮನ್ನು ಮತ್ತೆ ನಡುವಿಗೆ ತಂದರೆ ಕಲಾವಿದ ಗೆದ್ದ. ಚೌಕಟ್ಟಿನ ಹೊರಗೆ ಬಿಟ್ಟರೆ ಅಲ್ಲಿ ಚಿತ್ರ ಸೋರುತ್ತಿದೆ.

ಮೊಬೈಲಿನ ಫೋಟೋ ನೋಡಿ ತೀರ್ಪು ಬೇಡ. ಅದು ಕೆಂಪನ್ನು ಉಬ್ಬಿಸಿ ಬೂದನ್ನು ನುಂಗುತ್ತದೆ. ಚಿತ್ರ ಕೊಂಡು ತಂದರೆ ನಮ್ಮ ಕರಾವಳಿಯ ಗೋಡೆಗೆ ಒತ್ತಿ ತೂಗುಹಾಕಬೇಡಿ. ಚೌಕಟ್ಟಿನ ಹಿಂದೆ, ಕೆಳಗಿನ ಎರಡು ಮೂಲೆಗೂ ಬಿರಡೆಯ ತುಂಡು ಅಂಟಿಸಿ ಗಾಳಿಗೆ ದಾರಿ ಬಿಡಿ. ಮಳೆಗಾಲದ ಬೂಸ್ಟು ಶುರುವಾಗುವುದು ಕ್ಯಾನ್ವಾಸಿನ ಬೆನ್ನಿನಿಂದ, ಮುಂದೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.