ಊರಿನ ಮಾತಿಗೆ ಬೇಸ್ ಗಿಟಾರ್ ಸಿಕ್ಕಾಗ

ಕೇಳುಗರೇ, ನಮಸ್ಕಾರ.

ರ್‍ಯಾಪ್ ಎಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ರೇಡಿಯೋದ ಕಿವಿ ಹಿಂಡುತ್ತೀರಿ ಅಂತ ಗೊತ್ತು. "ಅದೂ ಒಂದು ಹಾಡಾ? ಸುಮ್ನೆ ವಟವಟ" ಎನ್ನುತ್ತೀರಿ. ಐದು ನಿಮಿಷ ತಡೆದುಕೊಳ್ಳಿ.

ನಾನು ಹೇಳುವುದು ಅಮೆರಿಕದ ದಕ್ಷಿಣದ ಅಟ್ಲಾಂಟಾದ ಇಬ್ಬರು ಹುಡುಗರ ಬಗ್ಗೆ. ಆಂಡ್ರೆ ಮತ್ತು ಬಿಗ್ ಬಾಯ್. ಜೋಡಿಯ ಹೆಸರು ಔಟ್‌ಕಾಸ್ಟ್. 1994ರ ಏಪ್ರಿಲ್‌ನಲ್ಲಿ ಅವರ ಮೊದಲ ಆಲ್ಬಂ ಬಂತು. ಆಗ ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ಆಲ್ಬಂ ಹೆಸರು, ಉಸಿರು ಎಳೆದುಕೊಂಡು ಹೇಳುತ್ತೇನೆ, 'ಸದರ್ನ್‌ಪ್ಲೇಯಲಿಸ್ಟಿಕ್ಯಾಡಿಲ್ಯಾಕ್‌ಮ್ಯೂಝಿಕ್'. ದಕ್ಷಿಣ, ಷೋಕಿ, ಕ್ಯಾಡಿಲ್ಯಾಕ್ ಕಾರು, ಸಂಗೀತ ಎಲ್ಲವನ್ನೂ ಸಮಾಸ ಮಾಡಿ ಅಂಟಿಸಿದ್ದಾರೆ. ನಮ್ಮ ಹಳೆಗನ್ನಡದ ಕವಿಗಳಿಗೆ ಖುಷಿಯಾಗುತ್ತಿತ್ತು.

ಇದರಲ್ಲಿ ಏನು ವಿಶೇಷ? ಒಂದೇ ವಿಷಯ. ಅವರು ತಮ್ಮ ಊರಿನ ಮಾತಲ್ಲೇ ಹಾಡಿದರು. ಆಗ ರ್‍ಯಾಪ್ ಎಂದರೆ ನ್ಯೂಯಾರ್ಕ್, ಇಲ್ಲವೇ ಲಾಸ್ ಏಂಜಲೀಸ್. ದಕ್ಷಿಣದವರ ಎಳೆದು ಎಳೆದು ಆಡುವ ಮಾತು ಹಳ್ಳಿಗಮಾರರದ್ದು ಎನ್ನುವ ತಾತ್ಸಾರ. ಬೆಂಗಳೂರಿಗೆ ಬಂದು ಎರಡೇ ತಿಂಗಳಿಗೆ ತನ್ನ ಊರಿನ ಕನ್ನಡ ಬಚ್ಚಿಡುವವರನ್ನು ನೀವೂ ನೋಡಿದ್ದೀರಿ, ಅಲ್ವಾ? ಈ ಹುಡುಗರು ಬಚ್ಚಿಡಲಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಕಥೆ. 1995ರ ಆಗಸ್ಟ್, ನ್ಯೂಯಾರ್ಕ್. 'ದಿ ಸೋರ್ಸ್' ಎನ್ನುವ ಪತ್ರಿಕೆಯ ಪ್ರಶಸ್ತಿ ಸಮಾರಂಭ. ಅವತ್ತು ಸಭೆಯಲ್ಲಿ ಪೂರ್ವದ ನ್ಯೂಯಾರ್ಕಿನವರಿಗೂ ಪಶ್ಚಿಮದ ಲಾಸ್ ಏಂಜಲೀಸಿನವರಿಗೂ ಜಗಳ. ವೇದಿಕೆಯ ಮೇಲೇ ಮಾತಿಗೆ ಮಾತು ಬೆಳೆದು ಗಾಳಿಯೆಲ್ಲ ಬಿಸಿಯಾಗಿದೆ. ಅಂಥ ಹೊತ್ತಲ್ಲಿ ಹೊಸ ತಂಡದ ಪ್ರಶಸ್ತಿಗೆ ಔಟ್‌ಕಾಸ್ಟ್ ಹೆಸರು ಕೂಗಿದರು. ಚಪ್ಪಾಳೆ ಬರಬೇಕಿತ್ತು. ಬಂದದ್ದು "ಬೂ" ಎನ್ನುವ ಕೂಗು! ಗೆದ್ದವರಿಗೆ ಬೂ! ಸಭೆಯ ಮುಂದೆ ನಿಂತು ನೋಡಿ, ಕಾಲು ನಡುಗುತ್ತದೆ. ಬಿಗ್ ಬಾಯ್ ನ್ಯೂಯಾರ್ಕಿನವರಿಗೆ ಮರ್ಯಾದೆಯಿಂದಲೇ ಎರಡು ಮಾತು ಆಡಿದ. ಕೂಗು ನಿಲ್ಲಲಿಲ್ಲ. ಆಮೇಲೆ ಆಂಡ್ರೆ ಮೈಕ್ ಹತ್ತಿರ ಬಂದ. ಮನಸ್ಸು ಮುಚ್ಚಿಕೊಂಡವರನ್ನು ಕಂಡು ಸಾಕಾಗಿದೆ ಎಂದ. ದಕ್ಷಿಣದವರಿಗೂ ಹೇಳಲು ಏನೋ ಇದೆ ಎಂದ. ಅಷ್ಟೇ, ಇಳಿದು ಹೋದ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಅಟ್ಲಾಂಟಾದಲ್ಲಿ ಆ ಮಾತನ್ನು ಇಂದಿಗೂ ಗಾದೆಯ ಹಾಗೆ ಹೇಳುತ್ತಾರೆ. ನಾನು ಆ ವಿಡಿಯೋ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮನೆಯವರು ಬೈಯುವುದನ್ನೂ ಬಿಟ್ಟಿದ್ದಾರೆ.

ಅಯ್ಯೋ, ಕಥೆಯಲ್ಲೇ ಹೊತ್ತು ಹೋಯಿತು. ಸಂಗೀತದ ಬಗ್ಗೆ ಬೇಗ ಹೇಳುತ್ತೇನೆ. ಇದನ್ನು ಕಟ್ಟಿದವರು 'ಆರ್ಗನೈಸ್ಡ್ ನಾಯ್ಸ್' ಎನ್ನುವ ಮೂವರು. ಅವರಲ್ಲಿ ರಿಕೋ ವೇಡ್ ಎಂಬಾತನ ತಾಯಿಯ ಮನೆಯ ನೆಲಮಾಳಿಗೆಯೇ ಅವರ ಅಡ್ಡಾ. ಕೆಂಪು ಮಣ್ಣಿನ ನೆಲ. ಅದಕ್ಕೆ 'ಡಂಜನ್' ಅಂತ ಹೆಸರು, ಅಂದರೆ ಕತ್ತಲಕೋಣೆ. ಆಗ ಬೇರೆಯವರು ಹೆಚ್ಚಾಗಿ ಹಳೆಯ ರೆಕಾರ್ಡಿನ ತುಣುಕು ಕತ್ತರಿಸಿ ಹಚ್ಚುತ್ತಿದ್ದರು. ಇವರು ಗಿಟಾರು, ತಗ್ಗು ದನಿಯ ಬೇಸ್ ಗಿಟಾರು, ಆರ್ಗನ್ನು ಎಲ್ಲ ಕೈಯಿಂದ ನುಡಿಸಿದರು. ತಾಳಕ್ಕೆ ಆತುರವಿಲ್ಲ. ಮಾತು ಹೇಗೋ ಹಾಗೇ ಸಂಗೀತ. ಊರಿನ ಮಾತಲ್ಲೇ ಹಾಡಿದರು ಅಂತ ನಾನು ಹೇಳುತ್ತಿರುವುದು ಇದನ್ನೇ.

ಇನ್ನೊಂದು ಹೇಳಿಬಿಡುತ್ತೇನೆ. ರೆಕಾರ್ಡ್ ಕಂಪನಿಯವರು ಈ ಜೋಡಿಯಿಂದ ಮೊದಲು ಕೇಳಿದ್ದು ಕ್ರಿಸ್‌ಮಸ್ ಹಾಡು. ಇವರು ತಮ್ಮ ಕೇರಿಯಲ್ಲಿ ಹಬ್ಬದ ದಿನ ನಿಜವಾಗಿ ಏನು ನಡೆಯುತ್ತದೋ ಅದನ್ನು ಹಾಡಿ ಕೊಟ್ಟರು. 'ಪ್ಲೇಯರ್ಸ್ ಬಾಲ್' ಎನ್ನುವ ಆ ಹಾಡು ರ್‍ಯಾಪ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 2004ರಲ್ಲಿ ಬೇರೊಂದು ಆಲ್ಬಮ್ಮಿಗೆ ಇದೇ ಜೋಡಿಗೆ ವರ್ಷದ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿ ಬಂತು. ಅದರ ಕಥೆಗೆ ಇವತ್ತು ಸಮಯ ಇಲ್ಲ.

ಈ ಮೊದಲ ಆಲ್ಬಂ ಕೇಳುವುದಾದರೆ ಮೊದಲ ಸಲ ಪದಗಳ ಹಿಂದೆ ಓಡಬೇಡಿ. ಬೇಸ್ ಗಿಟಾರಿನ ಜೊತೆ ನಡೆಯಿರಿ. ಫೋನಿನ ಸ್ಪೀಕರಿನಲ್ಲಂತೂ ದಯವಿಟ್ಟು ಬೇಡ, ಅರ್ಧ ಸಂಗೀತವೇ ಕೇಳಿಸುವುದಿಲ್ಲ. ಮತ್ತೆ, ಬೈಗುಳ ಸಾಕಷ್ಟಿವೆ. ಮಕ್ಕಳು ಮಲಗಿದ ಮೇಲೆ ಹಾಕಿ. ನಮಸ್ಕಾರ.