ಕೋವಿ ಆರಿಸಬೇಡಿ, ತೋಟಾ ಆರಿಸಿ

ನಮಸ್ಕಾರ್ರೀ. ಪುಣೆ, ಮುಂಬೈ, ಗೋವಾ ಕಡೆ ಇರೋ ನಮ್ಮ ಕನ್ನಡದ ಮಂದಿಗೆಲ್ಲ ಸ್ವಾಗತ.

ಹೋದ ಕಂತು ನೀರಿನ ಬಗ್ಗೆ ಇತ್ತು. ವರ್ಷಗಟ್ಟಲೆ ಅಂಗಡಿ ಬಾಗಿಲು ತೆರೆಯದ ಕಾಲ ಬಂದರೆ ಏನು ಕುಡೀಬೇಕು, ಹೇಗೆ ಕುಡೀಬೇಕು ಅಂತ 40 ನಿಮಿಷ ಮಾತಾಡಿದ್ದೆ. ಕೊನೆಗೆ ಒಂದೇ ಒಂದು ವಾಕ್ಯ ಬಂತು: ಒಂದೇ ಕೋವಿ ಇಟ್ಟುಕೊಳ್ಳೋದಾದ್ರೆ ಜೋಡುನಳಿಗೆ 12 ಬೋರ್ ಇಟ್ಟುಕೊಳ್ಳಿ. (ಬೋರ್ ಅಂದ್ರೆ ನಳಿಗೆಯ ಒಳಗಿನ ಅಳತೆ.) ಮುಗೀತು! ನೀರಿನ ಬಗ್ಗೆ ಒಬ್ಬರೂ ಕೇಳಲಿಲ್ಲ. ಒಬ್ಬ ಅಣ್ಣ ಬರೀತಾರೆ, "ಅಜ್ಜನ ಕಾಲದ ಕೋವಿ ಇಟ್ಕೊಂಡು ಏನ್ ಬದುಕ್ತೀರಿ, ಎಆರ್-15 ಬೇಕು, ಇಲ್ಲಾಂದ್ರೆ ಎಕೆ."

ಎರಡೂ ಸೈನಿಕರ ಮಾದರಿಯ ರೈಫಲ್. ಅಣ್ಣಾ, ನೀವಿರೋದು ಡೊಂಬಿವಲಿಯಲ್ಲಿ. ಟೆಕ್ಸಾಸ್‌ನಲ್ಲಲ್ಲ.

ಇವತ್ತು ಒಂದೇ ಮಾತು ಹೇಳ್ತೀನಿ, ಹತ್ತು ಸಲ ಹೇಳ್ತೀನಿ. ಕೋವಿ ಆರಿಸಬೇಡಿ, ತೋಟಾ ಆರಿಸಿ. ತೋಟಾ ಅಂದ್ರೆ ಕೋವಿಗೆ ತುಂಬೋ ಕಾರ್ಟ್ರಿಜ್. ನಿಮ್ಮ ಊರಲ್ಲಿ ಯಾವ ತೋಟಾ ಕಾನೂನುಬದ್ಧವಾಗಿ ಸಿಗುತ್ತೆ, ಒಂದೇ ತೋಟಾ ಎಷ್ಟು ಕೆಲಸಕ್ಕೆ ಬರುತ್ತೆ, ನಾಲ್ಕು ಮಳೆಗಾಲ ಕಳೆದ ಮೇಲೂ ಯಾವುದು ಹಾರುತ್ತೆ, ಅದನ್ನ ಮೊದಲು ನೋಡಿ. ಅದು ತಾನಾಗೇ ತನ್ನ ಕೋವಿಯನ್ನ ತೋರಿಸುತ್ತೆ.

ಮೊದಲು ಕಾನೂನು. 1959ರ ಶಸ್ತ್ರ ಕಾಯ್ದೆ. 9 ಎಂಎಂ, .303, 7.62, ಇವೆಲ್ಲ ನಿಷೇಧಿತ ಬೋರ್, ಅಂದ್ರೆ ಸಾಮಾನ್ಯ ಲೈಸೆನ್ಸಿಗೆ ಸಿಗಲ್ಲ. ಅಣ್ಣನ ಎಆರ್ ಕೂಡ ಹಾಗೇ. 2019ರ ತಿದ್ದುಪಡಿ ಆದ ಮೇಲೆ ಒಬ್ಬ ಸಾಮಾನ್ಯ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದದ್ದು ಎರಡೇ ಬಂದೂಕು, ಮೊದಲು ಮೂರಿತ್ತು. ಲೈಸೆನ್ಸಿನ ಅವಧಿ ಮೂರು ವರ್ಷ ಇದ್ದದ್ದು ಐದು ವರ್ಷ ಆಯ್ತು. 1959ರ ಕಾಯ್ದೆಯ 13ನೇ ಕಲಂ ತೆಗೆದು ಓದಿ. 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ, ಒಳಗೆ ನುಣುಪಾದ ಕೋವಿಯನ್ನ ರಕ್ಷಣೆಗೆ ಅಥವಾ ಕ್ರೀಡೆಗೆ, ಬಾಯಿಯಿಂದ ಮದ್ದು ತುಂಬೋ ಕೋವಿಯನ್ನ ಬೆಳೆ ಕಾವಲಿಗೆ, ಅಂತ ಹೆಸರಿಟ್ಟು ಬೇರೆ ಮಾಡಿ ಹೇಳಿದೆ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಅಂತ ಯಾರೋ ಕೇಳಿದ್ರು. ಇದೆ, 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ಮುಂದುವರಿಸಿತು. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದ್ರೆ ಅಲ್ಲಿನ ವಂಶಪಾರಂಪರ್ಯದ ಜಮೀನು ಇರೋರಿಗೆ. ಚಿಂಚವಾಡದ ಫ್ಲ್ಯಾಟಿಗೆ ಬರಲ್ಲ.

ಈಗ ತೋಟಾ. ಪುಣೆಯಲ್ಲಿ ಇರೋರು ಕಿವಿ ಕೊಟ್ಟು ಕೇಳಿ. ನಿಮ್ಮ ಮನೆ ಪಕ್ಕದ ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ. ತೋಟಾದ ಹಿತ್ತಾಳೆ ತಳದಲ್ಲಿ ಕೆ.ಎಫ್. ಅಂತ ಒತ್ತಿರುತ್ತಲ್ಲ, ಅದು ಅದೇ ಖಡಕಿ. 2021ರಲ್ಲಿ ಸರ್ಕಾರಿ ಶಸ್ತ್ರ ಕಾರ್ಖಾನೆಗಳ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಒಡೆದು ಏಳು ಕಂಪನಿ ಮಾಡಿದಾಗ ಮದ್ದುಗುಂಡಿನ ಕಂಪನಿಯ ಮುಖ್ಯ ಕಚೇರಿಯೂ ಪುಣೆಗೇ ಬಂತು. ಇಂಥ ಊರಲ್ಲಿ ಕೂತು ಅಮೆರಿಕದ ತೋಟಾ ಕನಸು ಕಾಣ್ತೀರಲ್ರೀ!

ಒಂದೇ 12 ಬೋರಿನ ನಳಿಗೆಗೆ ಏನೇನು ಹಾಕಬಹುದು ನೋಡಿ. ಚರೆ ಅಂದ್ರೆ ತೋಟಾದೊಳಗಿನ ಸೀಸದ ಕಾಳು, ಎಲ್‌ಜಿ, ಎಸ್‌ಜಿ ಇವೆಲ್ಲ ಅದರ ದಪ್ಪದ ಹೆಸರು. ಒಂದು ಔನ್ಸ್ ಸೀಸದಲ್ಲಿ ಎಲ್‌ಜಿ ಆದ್ರೆ 6 ಚರೆ, ಎಸ್‌ಜಿ ಆದ್ರೆ 8, ಬಿಬಿ ಆದ್ರೆ 70, ನಾಲ್ಕನೇ ನಂಬರ್ 170, ಆರನೇ ನಂಬರ್ 270. ಬೇಕಾದ್ರೆ ಒಂಟಿ ಗುಂಡು. ಹಕ್ಕಿಯಿಂದ ಹಂದಿವರೆಗೆ ಕೋವಿ ಬದಲಾಗಲ್ಲ, ಜೇಬಿನಿಂದ ತೆಗೆಯೋ ತೋಟಾ ಮಾತ್ರ ಬದಲಾಗುತ್ತೆ. ಹಾಗಂತ ನಾಳೆ ಚೋರ್ಲಾ ಘಾಟಿಗೆ ಹೊರಡಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಸತ್ತರಿಯಲ್ಲಿ ಗೇರು ತೋಟ ಇಟ್ಟುಕೊಂಡವರು ಹಂದಿ ಕಾಟಕ್ಕೂ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಮುಂದುವರಿಯಬೇಕು. ನಾನು ಹೇಳ್ತಿರೋದು ಎಲ್ಲ ವ್ಯವಸ್ಥೆ ನಿಂತುಹೋದ ದಿನದ ಲೆಕ್ಕ.

ಇನ್ನೊಬ್ಬರು .22 ರೈಫಲ್ ಬೇಕು ಅಂತಾರೆ. ನೂರು ತೋಟಾ 350 ಗ್ರಾಂ ಕೂಡ ಇಲ್ಲ, 12 ಬೋರ್ ನೂರು ಹೊತ್ತರೆ ನಾಲ್ಕೂವರೆ ಕಿಲೋ ಅಂತ ಲೆಕ್ಕ ಕೊಟ್ಟಿದ್ದಾರೆ. ಲೆಕ್ಕ ಸರಿ. ಆದ್ರೆ ನೂರು ತೋಟಾ ಹೊತ್ಕೊಂಡು ಎಲ್ಲಿಗೆ ಹೊರಟಿದ್ದೀರಿ? ಮುಳಶಿಯಿಂದ ಕಾಶಿಗಾ? ದೀರ್ಘಕಾಲ ಬದುಕೋನು ಒಂದು ಜಾಗದಲ್ಲಿ ನೆಲೆ ನಿಲ್ತಾನೆ, ಗಡ್ಡೆ ನೆಡ್ತಾನೆ, ಬಾವಿ ಕಾಯ್ತಾನೆ. .22ರಲ್ಲಿ ಕಿಡಿ ಹುಟ್ಟಿಸೋ ಮಸಾಲೆ ತಳದ ಅಂಚಿನ ಮಡಿಕೆಯಲ್ಲಿರುತ್ತೆ. ಅದು ಒಂದು ಕಡೆ ತೆಳುವಾಗಿ ಬಿದ್ದಿದ್ರೆ, ಪಿನ್ ಅಲ್ಲಿಗೇ ಬಡಿದ್ರೆ, ಟಕ್ ಅಂತ ಸದ್ದು, ಅಷ್ಟೇ. ಜೊತೆಗೆ ಆ ಸಣ್ಣ ಗುಂಡು ಗುರಿ ತಪ್ಪಿದ್ರೆ ಒಂದೂವರೆ ಕಿಲೋಮೀಟರ್ ಹೋಗಬಹುದು. .315 ಅಥವಾ .30-06ರಂಥ ದೊಡ್ಡ ರೈಫಲ್ ಆದ್ರೆ ಇನ್ನೂ ಎಷ್ಟೋ ದೂರ. ಆರನೇ ನಂಬರ್ ಚರೆ 200 ಮೀಟರಿನ ಆಸುಪಾಸು ಸುಸ್ತಾಗಿ ಬೀಳುತ್ತೆ. ದಪ್ಪ ಎಸ್‌ಜಿ ಮಾತ್ರ 500 ಮೀಟರಿನವರೆಗೂ ಹೋದೀತು, ಅದನ್ನ ಮರೀಬೇಡಿ. ಕೊಂಕಣದಲ್ಲಿ ಪ್ರತಿ ಗುಡ್ಡದ ಹಿಂದೆ ಒಂದು ವಾಡಿ ಇರುತ್ತೆ, ವಾಡಿಯಲ್ಲಿ ಮಕ್ಕಳಿರ್ತಾರೆ. ಕೋವಿ ಆರಿಸಬೇಡಿ, ತೋಟಾ ಆರಿಸಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇ!

ಪಂಪ್ ಆ್ಯಕ್ಷನ್, ಅಂದ್ರೆ ನಳಿಗೆ ಕೆಳಗಿನ ಹಿಡಿ ಹಿಂದೆ ಮುಂದೆ ಎಳೆದು ತೋಟಾ ಏರಿಸೋ ಕೋವಿ, ಯಾಕೆ ಬೇಡ ಅಂತ ಕೇಳಿದವರೇ ಹೆಚ್ಚು. 12 ಬೋರೇ ತಾನೆ, ಒಂದೇ ಸಲ ಐದು ತುಂಬಬಹುದಲ್ಲ ಅಂತ. ಅದರ ಹೊಟ್ಟೆ ಬಿಚ್ಚಿ ನೋಡಿದ್ದೀರಾ? ತೋಟಾ ತಡೆಯೋ ಕೊಂಡಿ, ಎತ್ತೋ ತಟ್ಟೆ, ಕೊಳವೆಯ ಸ್ಪ್ರಿಂಗ್, ಎರಡು ಸರಳು. ಒಂದು ಉಬ್ಬಿದ ತೋಟಾ ಸಾಕು, ಅರ್ಧದಲ್ಲಿ ಕಚ್ಚಿಕೊಂಡು ನಿಲ್ಲುತ್ತೆ. ಗಾಬರಿಯಲ್ಲಿ ಕೈ ಪೂರ್ತಿ ಹಿಂದೆ ಎಳೆಯದಿದ್ರೂ ಅದೇ ಗತಿ. ಜೋಡುನಳಿಗೆ ಮಡಚಿ ತೆರೆಯೋ ಕೋವಿ. ತೋಟಾ ಕಣ್ಣಿಗೆ ಕಾಣುತ್ತೆ, ಬೆರಳಲ್ಲಿ ಕಿತ್ತು ಬಿಸಾಕಬಹುದು. ಎರಡು ಟ್ರಿಗರ್ ಇರೋದನ್ನೇ ತಗೊಳ್ಳಿ. ಎರಡು ಟ್ರಿಗರ್ ಅಂದ್ರೆ ಪಿನ್ನಿಗೆ ಬಡಿಯೋ ಎರಡು ಸುತ್ತಿಗೆ, ಎರಡು ಸ್ಪ್ರಿಂಗ್, ಎರಡು ಪಿನ್. ಬಲಗಡೆ ಪಿನ್ ಮುರಿದ್ರೆ ಎಡಗಡೆ ಹಾರುತ್ತೆ. ಒಂದು ಲೈಸೆನ್ಸಿನಲ್ಲಿ ಎರಡು ಕೋವಿ ಕಣ್ರೀ ಅದು. ಮುಂದಿನ ಟ್ರಿಗರ್ ಸಾಮಾನ್ಯವಾಗಿ ಬಲ ನಳಿಗೆಗೆ, ಅದರ ತುದಿ ಅಗಲ, ಹತ್ತಿರದ ಗುರಿಗೆ. ಹಿಂದಿನದು ಎಡ ನಳಿಗೆಗೆ, ತುದಿಯ ಇಕ್ಕಟ್ಟು, ಅಂದ್ರೆ ಚೋಕ್, ಬಿಗಿ, 35-40 ಮೀಟರಿಗೆ. ಒಂಟಿ ಗುಂಡು ಹಾಕೋದಾದ್ರೆ ಬಲಗಡೆಯೇ ಹಾಕಿ. ತೋಟಾ ತಾನಾಗಿ ಚಿಮ್ಮಿಸೋ ಎಜೆಕ್ಟರ್ ಬೇಡ, ಮೇಲೆತ್ತಿ ಕೊಡೋ ಎಕ್ಸ್‌ಟ್ರಾಕ್ಟರ್ ಸಾಕು. ಸ್ಪ್ರಿಂಗ್ ಕಡಿಮೆ ಆದಷ್ಟೂ ತೊಂದರೆ ಕಡಿಮೆ.

ಒಂದು ನಿಮಿಷ. ಇಲ್ಲಿವರೆಗೆ ಕೇಳಿದವರು ಸಬ್‌ಸ್ಕ್ರೈಬ್ ಮಾಡಿ. ಕನ್ನಡದಲ್ಲಿ ಇಷ್ಟು ಬಿಡಿಸಿ ಹೇಳೋರು ಕಮ್ಮಿ, ಅದಕ್ಕೇ ಈ ಚಾನೆಲ್ ನಡೆಸ್ತಿದ್ದೀವಿ. ಭಾನುವಾರ ರಾತ್ರಿ ಲೈವ್ ಇದೆ, ಪ್ರಶ್ನೆ ತನ್ನಿ.

ಹಳೇ ಕೋವಿ ತಗೊಳ್ಳೋರು ಈ ಭಾಗವನ್ನ ಎರಡು ಸಲ ಕೇಳಿ. ಲೈಸೆನ್ಸುದಾರರಿಂದ ನೇರವಾಗಿ ಕೊಳ್ಳೋದಾದ್ರೆ ಮಾರೋರು ಜಿಲ್ಲಾಧಿಕಾರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. ಈಗ ಕೋವಿ ಕೈಗೆ ಬಂತು. ಮೊದಲು ತೆರೆದು ಖಾಲಿ ಇದೆಯಾ ನೋಡಿ. ನಳಿಗೆಯ ಕೆಳಗಿನ ಮುಂಗೈ ಮರ ಬಿಚ್ಚಿ, ಕೋವಿ ಮುಚ್ಚಿ, ಹಿಡಿ ಹಿಡಿದು ಅಲುಗಾಡಿಸಿ. ಕಟಕಟ ಅಂದ್ರೆ ಕೀಲು ಸವೆದಿದೆ. ಆಮೇಲೆ ನಳಿಗೆ ಬೇರೆ ಮಾಡಿ, ಕೊಕ್ಕೆಯ ಕಡೆಯಿಂದ ಒಂದು ಬೆರಳಿಗೆ ನೇತುಹಾಕಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ದೇವಸ್ಥಾನದ ಗಂಟೆ ಹಾಗೆ ನಾದ ಎಳೀಬೇಕು. ಒಡೆದ ಮಡಕೆ ಹಾಗೆ ಬೊಸಬೊಸ ಅಂದ್ರೆ ಎರಡು ನಳಿಗೆ ನಡುವಿನ ಬೆಸುಗೆ ಬಿಟ್ಟಿದೆ, ಅಲ್ಲಿಗೇ ವಾಪಸ್ ಕೊಡಿ. ಟ್ಯೂಬ್‌ಲೈಟ್ ಕಡೆ ಹಿಡಿದು ಒಳಗೆ ನೋಡಿ. ಬೆಳಕಿನ ಉಂಗುರ ಎಲ್ಲಾದರೂ ಮುರಿದು ಕಂಡ್ರೆ ಅಲ್ಲಿ ತಗ್ಗು ಅಥವಾ ಉಬ್ಬು ಇದೆ. ನಳಿಗೆ ಮೇಲೆ ಹೆಣೆದ ಹಾಗೆ ಸುರುಳಿ ಚಿತ್ತಾರ ಇದ್ರೆ ಅದು ಡಮಾಸ್ಕಸ್, ಚಂದ ನೋಡಿ ಮರುಳಾಗಬೇಡಿ. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಅದಕ್ಕೆ ಹಾಕಲೇಬಾರದು.

ಇನ್ನು ಎಲ್ಲಕ್ಕಿಂತ ಮುಖ್ಯ. ನಳಿಗೆಯ ಕೆಳಗಿನ ಚಪ್ಪಟೆ ಜಾಗದಲ್ಲಿ ತೋಟಾ ಮನೆಯ, ಅಂದ್ರೆ ನಳಿಗೆಯಲ್ಲಿ ತೋಟಾ ಕೂರೋ ಜಾಗದ, ಉದ್ದ ಮಿಲಿಮೀಟರಿನಲ್ಲಿ ಕೆತ್ತಿರುತ್ತಾರೆ: ಸಾಮಾನ್ಯವಾಗಿ 65 ಅಥವಾ 70. 70ರ ತೋಟಾ 65ರ ಮನೆಯಲ್ಲಿ ಸಲೀಸಾಗಿ ಕೂರುತ್ತೆ, ಕೋವಿ ಮುಚ್ಚಿಯೂ ಹೋಗುತ್ತೆ. ಯಾಕಂದ್ರೆ ಆ 70 ಮಿಲಿಮೀಟರ್ ಅನ್ನೋದು ಹಾರಿದ ಮೇಲಿನ ಅಳತೆ. ಹಾರೋ ಮುಂಚೆ ಬಾಯಿ ಮಡಚಿರೋದ್ರಿಂದ 60ರ ಸುತ್ತ ಇರುತ್ತೆ. ಹಾರಿದಾಗ ಮಡಿಕೆ ಬಿಚ್ಚಿಕೊಂಡು ಮುಂದಿನ ಇಕ್ಕಟ್ಟಿಗೆ ನುಗ್ಗುತ್ತೆ, ಚರೆ ಹೋಗೋ ದಾರಿ ಸಣ್ಣದಾಗುತ್ತೆ, ಒತ್ತಡ ಒಮ್ಮೆಲೇ ಏರುತ್ತೆ. ಹಳೇ ಕೋವಿ ಅದನ್ನ ತಡೆಯಲ್ಲ. ಇದನ್ನ ಕೇಳಿದ ಮೇಲೂ "ಕೂತ್ಕೊಳ್ಳುತ್ತಲ್ಲ ಸಾರ್" ಅನ್ನೋರು ದಯವಿಟ್ಟು ಕೋವಿ ಮುಟ್ಟಬೇಡಿ.

20 ಬೋರ್ ತೋಟಾವನ್ನ ನೀವಿರೋ ಮನೆಗೆ ತರಲೇಬೇಡಿ. ನಂಬರ್ ದೊಡ್ಡದಾದ್ರೂ ಅದು 12ಕ್ಕಿಂತ ಸಪೂರ, 12ರ ನಳಿಗೆಯಲ್ಲಿ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತೆ. ಖಾಲಿ ಇದೆ ಅಂತ ಹಿಂದಿನಿಂದ 12 ಹಾಕ್ತೀರಿ, ನಳಿಗೆ ಸಿಡಿಯುತ್ತೆ, ಎಡಗೈ ಹೋಗುತ್ತೆ. 20 ಬೋರನ್ನ ಹಳದಿ ಬಣ್ಣದಲ್ಲಿ ಮಾಡೋದು ಇದೇ ಕಾರಣಕ್ಕೆ.

ಈಗ ಮಳೆ. 2005ರ ಜುಲೈ 26ಕ್ಕೆ ಸಾಂತಾಕ್ರೂಝ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಸುರಿಯಿತು. ಅಂಥ ನೆಲದಲ್ಲಿ ತೋಟಾ ಡಬ್ಬ ಮಂಚದ ಕೆಳಗಿಡ್ತೀರಾ? ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಎತ್ತರದ ಕಪಾಟು, ಬೀಗ. ಕಾಗದದ ಚಿಪ್ಪಿನ ಹಳೇ ತೋಟಾ ತೇವಕ್ಕೆ ಊದಿಕೊಳ್ಳುತ್ತೆ, ಪ್ಲಾಸ್ಟಿಕ್ ಚಿಪ್ಪಿನದೇ ತಗೊಳ್ಳಿ. ಹಳೇದು ಮೊದಲು ಖರ್ಚಾಗಲಿ. ಹಿತ್ತಾಳೆಗೆ ಹಸಿರು ಕಟ್ಟಿದ್ದು, ಊದಿದ್ದು ಬೇರೆ ತೆಗೆದು ಲೈಸೆನ್ಸಿನ ಅಂಗಡಿಗೆ ಕೊಡಿ. ಮನೆಯಲ್ಲೇ ತುಂಬಿಸ್ತೀನಿ ಅಂತೀರಾ? ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿ ಅಪರಾಧ, ಆ ವಿಷಯ ಇಲ್ಲಿ ಮಾತಾಡಲ್ಲ.

ಟ್ರಿಗರ್ ಒತ್ತಿದ್ರೂ ಹಾರಲಿಲ್ಲವಾ? ಬಾಯಿ ನಿರಪಾಯದ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ, ಆಮೇಲೆ ತೆರೀರಿ. ಢಂ ಅನ್ನೋ ಬದಲು ಪುಸ್ ಅಂತು ಅಂದ್ರೆ ಇನ್ನೂ ಅಪಾಯ. ತೋಟಾದಲ್ಲಿ ಮದ್ದು ಮತ್ತು ಚರೆ ನಡುವೆ ಇರೋ ಬಿರಡೆ ನಳಿಗೆಯಲ್ಲೇ ಉಳಿದಿರಬಹುದು. ಖಾಲಿ ಮಾಡಿ, ಹಿಂದಿನಿಂದ ಬೆಳಕು ನೋಡಿ, ಆಮೇಲೆ ಮುಂದಿನ ತೋಟಾ.

ಎಣ್ಣೆ ವಿಷಯಕ್ಕೆ ಗೋವಾದವರ ಜೊತೆ ಜಗಳ ಆಡ್ಲೇಬೇಕು. ಕೊಬ್ಬರಿ ಎಣ್ಣೆ ಹಚ್ಚಬೇಡ್ರೀ! 24 ಡಿಗ್ರಿ ಹತ್ತಿರಕ್ಕೇ ಅದು ಗಟ್ಟಿಯಾಗುತ್ತೆ. ಡಿಸೆಂಬರ್ ರಾತ್ರಿ ಪುಣೆಯಲ್ಲಿ ಬಾಟಲಿಯಿಂದ ತಲೆಗೆ ಹಾಕೋಕೆ ಬರಲ್ಲ, ಪಿನ್ನಿನ ತೂತಿನಲ್ಲಿ ಅದು ಏನು ಮಾಡೀತು ಯೋಚಿಸಿ. ಬೇಸಿಗೆಯಲ್ಲಿ ಕಮಟು ಹಿಡಿದು ಜಿಗುಟಾಗುತ್ತೆ. ತೆಳ್ಳನೆ ಕೋವಿ ಎಣ್ಣೆ, ಎರಡು ಹನಿ, ಬಟ್ಟೆಯಲ್ಲಿ ಒರೆಸಿದ ಮೇಲೆ ಉಳಿಯುವಷ್ಟೇ. ಜಾಸ್ತಿ ಹಾಕಿದ್ರೆ ಹಿಡಿಯ ಮರಕ್ಕೆ ಇಳಿದು ಮರ ಮೆತ್ತಗಾಗುತ್ತೆ, ಅದಕ್ಕೇ ಬಾಯಿ ಕೆಳಗೆ ಮಾಡಿ ಇಡೋದು ಒಳ್ಳೇದು. ಚರ್ಮದ ಚೀಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ರೆ ತೆಗೆಯುವಾಗ ತುಕ್ಕಿನ ನಕ್ಷೆ ಸಿಗುತ್ತೆ. ಹದಿನೈದು ದಿನಕ್ಕೊಮ್ಮೆ ತೆಗೆದು ಬೆರಳಚ್ಚು ಒರೆಸಿ, ಬೆವರಿನ ಉಪ್ಪು ಕಬ್ಬಿಣ ತಿನ್ನುತ್ತೆ.

ಬಾಯಿಯಿಂದ ಮದ್ದು ತುಂಬೋ ಕೇಪಿನ ಕೋವಿ ಸಾಕು ಅನ್ನೋರಿಗೆ: ಕರಿ ಮದ್ದು ತೇವ ಹೀರುತ್ತೆ, ಅದರ ಮಸಿ ಅದೇ ರಾತ್ರಿ ತುಕ್ಕು ಹಿಡಿಸುತ್ತೆ, ಬಿಸಿನೀರಲ್ಲಿ ತೊಳೀಬೇಕು. ಕೊಂಕಣದ ಮಳೆಯಲ್ಲಿ ಅದನ್ನ ನಂಬಿ ಕೂರಬೇಡಿ. .32 ರಿವಾಲ್ವರ್ ಅನ್ನೋರಿಗೆ ನಾನು ಉತ್ತರವನ್ನೇ ಕೊಡಲ್ಲ. ಒಂದೇ ಕೆಲಸದ ಆಯುಧ ಅದು. ತೋಟಾ ಆರಿಸಿ ಅಂದ್ನಲ್ಲ, ಎಷ್ಟು ಸಲ ಹೇಳಬೇಕು!

ಹಾಂ, ಮುಂಬೈಯಿಂದ ಗೋವಾ ತೋಟಕ್ಕೆ ಕೋವಿ ಒಯ್ಯೋರು ಲೈಸೆನ್ಸಿನಲ್ಲಿ ಊರ್ಜಿತ ಪ್ರದೇಶ ಅಂತ ಏನು ಬರೆದಿದೆ ಓದಿ. ಮಹಾರಾಷ್ಟ್ರ ಅಂತ ಮಾತ್ರ ಇದ್ರೆ ಗೋವಾ ಗಡಿಯ ಪತ್ರಾದೇವಿ ದಾಟಬೇಡಿ. ತೋಟಾ ಎಷ್ಟು ಇಟ್ಟುಕೊಳ್ಳಬಹುದು ಅನ್ನೋದೂ ಅದೇ ಪುಸ್ತಕದಲ್ಲಿದೆ. ಚುನಾವಣೆ ಬಂದು ಠಾಣೆಗೆ ಜಮಾ ಮಾಡಿ ಅಂದ್ರೆ ಮಾಡಿ, ರಸೀದಿ ಇಸ್ಕೊಳ್ಳಿ.

ಎಆರ್ ಅಣ್ಣಾ, ನಿಮ್ಮ ಮೇಲೆ ಸಿಟ್ಟಿಲ್ಲ. 12 ಬೋರ್. ಜೋಡುನಳಿಗೆ. ಎರಡು ಟ್ರಿಗರ್. 12 ಬೋರ್ ಅಂದೆ, 12 ಬೋರೇ. ವಿಡಿಯೋ ಲೈಕ್ ಮಾಡಿ, ನಿಮ್ಮ ಮುಂಬೈ ಬಂಧುಗಳಿಗೂ ಕಳಿಸಿ. ಮನೆಯಲ್ಲಿ ಲೈಸೆನ್ಸಿನ ಹಳೇ ಕೋವಿ ಇರೋರು ಇವತ್ತೇ ಖಾಲಿ ಮಾಡಿ, ಮುಂಗೈ ಮರ ಬಿಚ್ಚಿ, ನಳಿಗೆ ತಿರುಗಿಸಿ ಅಂಕಿ ನೋಡಿ. 65ಆ, 70ಆ, ಕೆಳಗೆ ಬರೀರಿ. ಭಾನುವಾರದ ಲೈವ್ ಅಲ್ಲಿಂದಲೇ ಶುರು ಮಾಡ್ತೀನಿ.