ಆಡುವವರ ಕೈ ನೋಡುವ ಸಂಗೀತ

ಎಲ್ಲರಿಗೂ ನಮಸ್ಕಾರ. ದಾಸರ ಪದ, ವಚನ, ರಂಗಗೀತೆ ಕೇಳುತ್ತಾ ಬಂದ ಕೊಪ್ಪಳದವರು ವಿಡಿಯೋ ಗೇಮ್ ಸಂಗೀತದ ಬಗ್ಗೆ ಮಾತಾಡಲು ಕರೆದಿದ್ದೀರಿ. ತುಂಬಾ ಖುಷಿಯಾಗಿದೆ. ಇಲ್ಲಿರುವ ಹಿರಿಯರಲ್ಲಿ ಹಲವರು ಇವತ್ತೇ ಮೊದಲ ಸಲ ಇದನ್ನು ಗಮನ ಕೊಟ್ಟು ಕೇಳಲಿದ್ದೀರಿ. ಪಕ್ಕದ ಕೋಣೆಯಿಂದ ಮಕ್ಕಳ ಮೊಬೈಲಿನ ಸದ್ದಾಗಿ ಕಿವಿಗೆ ಬಿದ್ದಿರುತ್ತದೆ. ಅದು ಕೇಳಿದ ಲೆಕ್ಕಕ್ಕೆ ಬರುವುದಿಲ್ಲ.

ಯಾಕೆಂದರೆ ಈ ಸಂಗೀತಕ್ಕೆ ಆಡುವವರು ಬೇಕು. ಸಿನಿಮಾ ಹಾಡು ತನ್ನ ಪಾಡಿಗೆ ಶುರುವಾಗಿ ತನ್ನ ಪಾಡಿಗೆ ಮುಗಿಯುತ್ತದೆ. ಗೇಮಿನ ಸಂಗೀತ ಆಡುವವರ ಕೈ ನೋಡಿಕೊಂಡು ನಡೆಯುತ್ತದೆ. ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಆಟ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. 2025ರಲ್ಲಿ ಪದ್ಮಶ್ರೀ ಗೌರವ ಬಂದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಆ ಊರಿನವರು. ಪರದೆಯ ಮೇಲೆ ಗೊಂಬೆ ಯುದ್ಧಕ್ಕೆ ನಿಂತರೆ ಬಾರಿಸುವವರ ಕೈ ಬಿರುಸಾಗುತ್ತದೆ. ಗೇಮಿನಲ್ಲಿ ಗೊಂಬೆ ಆಡಿಸುವ ಕೈ ನಿಮ್ಮದು. ಬಾರಿಸುವುದು ಯಂತ್ರ. ಆದರೆ ಯಾವಾಗ ಏನು ಬಾರಿಸಬೇಕು ಅಂತ ಮೊದಲೇ ಕೂತು ಯೋಚಿಸಿದವರು ಮನುಷ್ಯರು.

1978ರಲ್ಲಿ ಜಪಾನಿನಿಂದ ಬಂದ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಇರುವುದು ಇಳಿಯುತ್ತಾ ಹೋಗುವ ನಾಲ್ಕೇ ಸ್ವರ. ಶತ್ರುಗಳು ಕಡಿಮೆಯಾದಂತೆ ಉಳಿದವರ ಓಟ ಜೋರಾಗುತ್ತದೆ, ಆ ಸ್ವರಗಳೂ ಓಡತೊಡಗುತ್ತವೆ. ಕೇಳುವವರ ಎದೆಬಡಿತ ಹೆಚ್ಚಲು ಲಯವೊಂದೇ ಸಾಕು. ಡೊಳ್ಳು ಕೇಳಿದ ನಿಮಗೆ ಇದು ಹೊಸದಲ್ಲ, ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ 1985ರ ಸೂಪರ್ ಮಾರಿಯೋ ಬ್ರದರ್ಸ್. ಟಿವಿಗೆ ವೈರ್ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಆಡುತ್ತಿದ್ದೆವಲ್ಲ, ಅದೇ. ಸಂಗೀತ ಕೋಜಿ ಕೊಂಡೊ ಅವರದು. ಅವರ ಕೈಗೆ ಸಿಕ್ಕಿದ್ದು ಎಷ್ಟು ಕಡಿಮೆ ಅಂತ ನೋಡಿ. ಸ್ವರಕ್ಕೆ ಮೂರು ಚಾನೆಲ್, ಅಂದರೆ ಒಂದು ಸಲಕ್ಕೆ ಒಂದೇ ಸ್ವರ ನುಡಿಸುವ ಮೂರು ದಾರಿ. ತಾಳಕ್ಕೆ ಬರೀ ಸುಂಯ್ ಎನ್ನುವ ಸದ್ದು ಕೊಡುವ ಇನ್ನೊಂದು. ಅದರಲ್ಲೂ ನಾವು ಆಡಿಸುವ ಗೊಂಬೆ ಮಾರಿಯೋ ಜಿಗಿದರೆ ಆ ಜಿಗಿತದ ಸದ್ದು ಒಂದು ಚಾನೆಲ್ಲನ್ನು ಕಸಿದುಕೊಳ್ಳುತ್ತದೆ. ಅಷ್ಟು ಹೊತ್ತು ಸಂಗೀತದ ಒಂದು ಎಳೆ ಮಾಯ. ಆದರೂ ಹಾಡು ಎಡವುವುದಿಲ್ಲ. ಯಾವ ಕ್ಷಣದಲ್ಲಿ ಯಾವ ಮಗು ಜಿಗಿಯುತ್ತದೋ ಗೊತ್ತಿಲ್ಲದೆ, ಎಲ್ಲಿ ಎಳೆ ಕಿತ್ತರೂ ನಿಲ್ಲುವ ಹಾಡು ಕಟ್ಟುವುದು ಸುಮ್ನೆ ಮಾತಲ್ಲ! ಆಟದ ಗಡಿಯಾರ 100ಕ್ಕಿಂತ ಕೆಳಗೆ ಬಂದಾಗ ಒಂದು ಎಚ್ಚರಿಕೆಯ ಸದ್ದು ಬರುತ್ತದೆ. ಆಮೇಲೆ ಅದೇ ಹಾಡು ದ್ರುತಕ್ಕೆ ಏರುತ್ತದೆ. ಯಾರೂ ಹೇಳಿಕೊಡದೆ ಮಕ್ಕಳು ಓಡುತ್ತಾರೆ.

ಆಮೇಲೆ ಯಂತ್ರಗಳು ಬೆಳೆದವು. 1991ರ ಮಂಕಿ ಐಲ್ಯಾಂಡ್ 2 ಆಟಕ್ಕೆ ಐಮ್ಯೂಸ್ ಎಂಬ ವ್ಯವಸ್ಥೆ ಬಂತು. ಆಟಗಾರ ಒಂದು ಜಾಗದಿಂದ ಇನ್ನೊಂದಕ್ಕೆ ಹೋದರೆ ಹಳೆಯ ಧಾಟಿ ಕಡಿದು ಬೀಳದೆ ಹೊಸದಕ್ಕೆ ಹೊರಳಿಕೊಳ್ಳುತ್ತಿತ್ತು. 2011ರಲ್ಲಿ ಕ್ರಿಸ್ಟೋಫರ್ ಟಿನ್ ಅವರ 'ಬಾಬಾ ಯೇತು'ಗೆ ಗ್ರ್ಯಾಮಿ ಸಿಕ್ಕಿತು. ಸಿವಿಲೈಜೇಷನ್ 4 ಆಟಕ್ಕೆ ಮಾಡಿದ ಸ್ವಾಹಿಲಿ ಹಾಡು ಅದು. ಗೇಮ್ ಸಂಗೀತಕ್ಕೆ ಗ್ರ್ಯಾಮಿ ಬಂದದ್ದು ಅದೇ ಮೊದಲು. ಪ್ರಶಸ್ತಿ ಬರಲಿ, ಬೇಕು. ಆದರೆ ನನ್ನ ಪ್ರಕಾರ ಈ ಕಲೆಯ ಬೆರಗು ಅದರಲ್ಲಿಲ್ಲ, ಆ ಒಂದು ಎಳೆ ಕಿತ್ತರೂ ನಿಲ್ಲುವ ಹಾಡಿನಲ್ಲಿದೆ.

ಮಾತು ಇಷ್ಟು ಸಾಕು, ಈಗ ಕೇಳೋಣ. ಮುಂದಿನ ಸಾಲಿನಿಂದ ಯಾರಾದರೂ ಒಬ್ಬರು ಬನ್ನಿ. ಅಮ್ಮಾ, ನೀವೇ ಬನ್ನಿ, ಎಡಕ್ಕೆ ಬಲಕ್ಕೆ ಒತ್ತಿದರೆ ಸಾಕು. ಉಳಿದವರು ಪರದೆ ಕಡೆ ನೋಡಬೇಡಿ. ಇವರು ಯಾವಾಗ ಜಿಗಿದರು ಅಂತ ಕಿವಿಯಿಂದಲೇ ಹಿಡಿದು ಹೇಳಿ.